ಬಕೆಟ್‌ನಲ್ಲಿ ಬೆರೆಸಲಿಲ್ಲ, ನೆಲದ ಮೇಲೆ ಬೆರೆಯಿತು: ಬಾತ್‌ರೂಮಿನ ಬೂಷ್ಟು ತೊಳೆಯುವವರಿಗೆ ಎಚ್ಚರಿಕೆ

ಆಸಿಡ್ ಹಾಕಿ ತೊಳೆದ ಬಾತ್‌ರೂಮಿಗೆ ಅದೇ ದಿನ ಬ್ಲೀಚ್ ಹಾಕಬೇಡಿ. ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಇಷ್ಟು ಸಾಕು. ಇರುವವರು ಮುಂದೆ ಓದಿ.

ನಮ್ಮದು ಮಂಗಳೂರಿನಲ್ಲಿ ಎರಡನೇ ಮಹಡಿಯ ಫ್ಲ್ಯಾಟ್. ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ಊರು. ಆಟಿ ತಿಂಗಳಲ್ಲಿ ಚಪ್ಪಲಿಗೂ ಬೂಷ್ಟು, ಬೆಲ್ಟಿಗೂ ಬೂಷ್ಟು. ಬಾತ್‌ರೂಮಿನ ಕಥೆ ಕೇಳುವುದೇ ಬೇಡ. ಟೈಲ್ಸ್ ಸಂದಿಗಳೆಲ್ಲ ಕಪ್ಪು, ಸೀಲಿಂಗ್ ಮೂಲೆಯಲ್ಲಿ ಚುಕ್ಕೆ ಚುಕ್ಕೆ, ವಾಷ್‌ಬೇಸಿನ್ ಸುತ್ತಲಿನ ಸಿಲಿಕಾನ್ ಪಟ್ಟಿ ಇದ್ದಿಲಿನ ಹಾಗೆ. ಚೌತಿಗೆ ನಾದಿನಿ ಮನೆಯವರು ಬರುವವರಿದ್ದರು. ಈ ಬಾತ್‌ರೂಮ್ ತೋರಿಸಲು ನನಗೆ ನಾಚಿಕೆ.

ಬೀದಿಯಲ್ಲಿ ಕೂಗಿಕೊಂಡು ಬರುವವನ ಹತ್ತಿರ ಆಸಿಡ್ ತಗೊಂಡಿದ್ದೆ. ಹಳೇ ನೀರಿನ ಬಾಟಲಿಯಲ್ಲಿ ತುಂಬಿದ್ದು, ಅದರ ಮೇಲೆ ಹೆಸರಿಲ್ಲ, ಏನೂ ಇಲ್ಲ. (2013ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಗುರುತಿನ ಚೀಟಿ ನೋಡದೆ, ರಿಜಿಸ್ಟರ್‌ನಲ್ಲಿ ಬರೆಯದೆ ಆಸಿಡ್ ಮಾರುವ ಹಾಗಿಲ್ಲ ಅಂತ. ನಮ್ಮ ಬೀದಿಗೆ ಆ ಸುದ್ದಿ ಇನ್ನೂ ಬಂದಿಲ್ಲ.) ಅದನ್ನು ಸುರಿದು, ಹತ್ತು ನಿಮಿಷ ಬಿಟ್ಟು ಉಜ್ಜಿದೆ. ನೆಲದ ಕಲೆ ಹೋಯಿತು, ಸಂದಿಯ ಕಪ್ಪು ಹೋಗಲಿಲ್ಲ. ಎರಡು ಮಗ್ ನೀರು ಹೊಡೆದು, ಬ್ಲೀಚ್ ಬಾಟಲಿ ತಂದೆ.

ಇಲ್ಲಿ ಒಂದು ಮಾತು. ಎರಡನ್ನೂ ಸೇರಿಸಬಾರದು ಅಂತ ನನಗೆ ಗೊತ್ತಿತ್ತು! ಬಕೆಟ್‌ನಲ್ಲಿ ಕಲಸಿದರೆ ಮಾತ್ರ ಅಪಾಯ ಅಂದುಕೊಂಡಿದ್ದೆ. ತೊಳೆದಿದ್ದೇನಲ್ಲ, ಇನ್ನೇನು? ಆದರೆ ಎರಡು ಮಗ್ ನೀರಿಗೆ ಆಸಿಡ್ ಎಲ್ಲಿ ಹೋಗುತ್ತದೆ? ಸಂದಿಗಳಲ್ಲಿ ಕೂತಿತ್ತು. ನೆಲದ ನೀರು ಹೊರಗೆ ಹೋಗುವ ತೂತಿನ ಕೆಳಗಿರುವ ನಾನಿ ಟ್ರ್ಯಾಪ್‌ನಲ್ಲಿ ಯಾವಾಗಲೂ ನಿಲ್ಲುವ ನೀರಿನಲ್ಲಿ ಕೂತಿತ್ತು.

ಇನ್ನೊಂದು ಬುದ್ಧಿವಂತಿಕೆಯನ್ನೂ ಮಾಡಿದ್ದೆ. ಪಕ್ಕದ ಕೋಣೆಯಲ್ಲಿ ಅತ್ತೆ ಮಲಗಿದ್ದರು, ಅವರಿಗೆ ಉಬ್ಬಸ. ವಾಸನೆ ಹೋಗದಿರಲಿ ಅಂತ ಬಾಗಿಲು ಹಾಕಿಕೊಂಡೆ. ವೆಂಟಿಲೇಟರಿಗೆ ಪಾರಿವಾಳದ ಕಾಟ ಅಂತ ಆರು ತಿಂಗಳ ಹಿಂದೆಯೇ ಥರ್ಮಾಕೋಲ್ ಇಟ್ಟು ಟೇಪ್ ಹೊಡೆದಿತ್ತು. ಮುಖಕ್ಕೆ ದುಪಟ್ಟಾ ಕಟ್ಟಿಕೊಂಡಿದ್ದೆ. ಗ್ಯಾಸಿಗೆ ದುಪಟ್ಟಾ ಯಾವ ಲೆಕ್ಕ? ಮಾಸ್ಕ್ ಕೂಡ ಅಷ್ಟೇ. ಧೂಳಿಗೆ ಮಾಡಿದ ಮಾಸ್ಕ್ ಗ್ಯಾಸನ್ನು ತಡೆಯುವುದಿಲ್ಲ.

ಕುಕ್ಕರುಗಾಲಲ್ಲಿ ಕೂತು ಬ್ಲೀಚ್ ಸುರಿದೆ. ಬುಸ್ ಅಂತ ನೊರೆ ಬಂತು. ಈಜುಕೊಳದ ವಾಸನೆ ಇರುತ್ತದಲ್ಲ, ಅದೇ, ಆದರೆ ಮೂಗಿಗೆ ಹೊಡೆದ ಹಾಗೆ. ಕಣ್ಣು ಉರಿಯಿತು. ಕೆಮ್ಮು ಶುರುವಾದದ್ದು ನಿಲ್ಲಲೇ ಇಲ್ಲ, ಎದೆಗೆ ಹಗ್ಗ ಬಿಗಿದ ಹಾಗಾಯಿತು. ಚಿಲಕ ಕೈಗೆ ಸಿಗುತ್ತಿಲ್ಲ. ಹೇಗೋ ತೆಗೆದು ಹೊರಗೆ ಬಿದ್ದೆ. "ಎಂತದು ಮಾರಾಯ್ತಿ ಆ ವಾಸನೆ?" ಅಂತ ಅತ್ತೆ ಎದ್ದು ಬರುತ್ತಿದ್ದರು. ಮಾತಾಡಲು ಆಗದೆ ಕೈಸನ್ನೆಯಲ್ಲೇ ಅವರನ್ನು ಬಾಲ್ಕನಿಗೆ ಓಡಿಸಿದೆ.

ಅಲ್ಲಿ ಎದ್ದದ್ದು ಕ್ಲೋರಿನ್. 1915ರಲ್ಲಿ ಬೆಲ್ಜಿಯಂನ ಈಪ್ರ್ ಊರಿನ ಹತ್ತಿರ ಜರ್ಮನ್ ಸೈನ್ಯ ಶತ್ರುಗಳ ಮೇಲೆ ಬಿಟ್ಟದ್ದು ಇದನ್ನೇ. ಇದು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ಹಾಗಾಗಿ ಕಂದಕಗಳ ಒಳಗೆ ಇಳಿದು ನಿಂತಿತ್ತು. ನಮ್ಮ ಬಾತ್‌ರೂಮಿನಲ್ಲೂ ನೆಲದ ಹತ್ತಿರವೇ ನಿಂತಿತು. ನನ್ನ ಮುಖ ಇದ್ದದ್ದೂ ಅಲ್ಲೇ.

ಆಸ್ಪತ್ರೆಯಲ್ಲಿ ಮೊದಲು ಕೇಳಿದ್ದು, "ಏನೇನು ಹಾಕಿದ್ರಿ? ಬಾಟಲಿ ತಂದಿದ್ದೀರಾ?" ನಮ್ಮವರು ಬ್ಲೀಚ್ ಬಾಟಲಿ ತೋರಿಸಿದರು. ಆಸಿಡ್ ಬಾಟಲಿಯಲ್ಲಿ ತೋರಿಸಲು ಏನಿದೆ? ಆಕ್ಸಿಜನ್ ಕೊಟ್ಟರು, ಕಣ್ಣಿಗೆ ಹದಿನೈದು ನಿಮಿಷ ನೀರು ಬಿಟ್ಟರು. ಸಂಜೆಗೆ ಆರಾಮ ಅನ್ನಿಸಿತು, ಮನೆಗೆ ಹೋಗ್ತೇನೆ ಅಂದೆ. ಬಿಡಲಿಲ್ಲ. ಶ್ವಾಸಕೋಶದಲ್ಲಿ ನೀರು ತುಂಬುವುದು ಕೆಲವು ಗಂಟೆ ಬಿಟ್ಟು ಶುರುವಾಗಬಹುದಂತೆ. ಆದ್ದರಿಂದ ಯಾರಿಗಾದರೂ ಹೀಗಾದರೆ ಮೊದಲು ಹೊರಗಿನ ಗಾಳಿಗೆ ಕರೆದುಕೊಂಡು ಹೋಗಿ, ಕೆಮ್ಮು ಕಡಿಮೆಯಾಯಿತು ಅಂತ ಸುಮ್ನೆ ಕೂರಬೇಡಿ, ಡಾಕ್ಟರಿಗೆ ತೋರಿಸಿ. ಬಕೆಟ್ ತರಲು, ನೀರು ಹೊಡೆಯಲು ಅಂತ ಮತ್ತೆ ಒಳಗೆ ಹೋಗಬೇಡಿ. ನಮ್ಮವರು ಹೋಗಿದ್ದರು, ಅವರಿಗೂ ಎರಡು ದಿನ ಗಂಟಲು ನೋವು.

ಟಾಯ್ಲೆಟ್ ತೊಳೆಯಲು ಅಂಗಡಿಯಲ್ಲಿ ಸಿಗುವ ನೀಲಿ ದ್ರವಗಳಲ್ಲೂ ಬಹಳಷ್ಟರಲ್ಲಿ ಇರುವುದು ಹೈಡ್ರೋಕ್ಲೋರಿಕ್ ಆಸಿಡ್ಡೇ. ಬ್ಲೀಚಿಂಗ್ ಪೌಡರೂ ಬ್ಲೀಚೇ. ವಿನೆಗರ್ ಹಾಕಿ ಮೇಲೆ ಬ್ಲೀಚ್ ಹಾಕಿದರೂ ಕ್ಲೋರಿನ್ ಬರುತ್ತದೆ. ಅಮೋನಿಯಾ ಇರುವ ಗಾಜು ಒರೆಸುವ ದ್ರವದ ಜೊತೆ ಬ್ಲೀಚ್ ಸೇರಿದರೆ ಬೇರೆ ಗ್ಯಾಸ್, ಕ್ಲೋರಮೈನ್, ಅದೂ ಎದೆಗೆ ಕೆಟ್ಟದ್ದೇ. "ಮೂರೂ ಸೇರಿಸಿ, ಪಳಪಳ ಹೊಳೆಯುತ್ತೆ" ಅನ್ನುವ ವಿಡಿಯೋಗಳು ಫ್ಯಾಮಿಲಿ ಗ್ರೂಪಿಗೆ ಬಂದರೆ ದಯವಿಟ್ಟು ಅಲ್ಲೇ ಅಳಿಸಿ.

ಬೇಜಾರಿನ ಸಂಗತಿ ಏನು ಗೊತ್ತಾ? ಆಸಿಡ್ ಬೇಕಾಗಿಯೇ ಇರಲಿಲ್ಲ. ಟೈಲ್ಸ್ ಸಂದಿಯಲ್ಲಿರುವುದು ಸಿಮೆಂಟು, ಆಸಿಡ್ ಅದನ್ನು ತಿನ್ನುತ್ತದೆ. ಪ್ರತಿ ತಿಂಗಳು ತೊಳೆದು ತೊಳೆದು ನಮ್ಮ ಸಂದಿಗಳು ತೂತು ತೂತಾಗಿದ್ದವು. ಬೂಷ್ಟಿಗೆ ನಾನೇ ಮನೆ ಕಟ್ಟಿಕೊಟ್ಟ ಹಾಗೆ.

ಈಗ ಸೋಪಿನ ಪುಡಿ, ಗಟ್ಟಿ ಬ್ರಷ್, ಅಷ್ಟೇ. ಅದಕ್ಕೂ ಜಗ್ಗದ ಕಪ್ಪಿಗೆ ಬ್ಲೀಚ್ ಒಂದೇ, ಲೀಟರ್ ನೀರಿಗೆ 60 ಮಿಲಿ, ಗ್ಲೌಸ್ ಹಾಕಿ, ಬಾಗಿಲು ತೆರೆದಿಟ್ಟು. ಸೋಪನ್ನೂ ಮೊದಲು ಪೂರ್ತಿ ತೊಳೆದುಬಿಡುತ್ತೇನೆ. ಸಿಲಿಕಾನ್ ಒಳಗೆ ಇಳಿದ ಕಪ್ಪು ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಬ್ಲೇಡಿನಿಂದ ಕಿತ್ತು, ಪೂರ್ತಿ ಒಣಗಿದ ಮೇಲೆ ಹೊಸದು ಹಾಕಿಸಿದೆವು. ಸಂದಿಗಳನ್ನೂ ಕೆರೆದು ಮತ್ತೆ ತುಂಬಿಸಿದ್ದಾಯಿತು.

ಥರ್ಮಾಕೋಲ್ ಕಿತ್ತದ್ದು ಇವೆಲ್ಲಕ್ಕಿಂತ ದೊಡ್ಡ ಕೆಲಸ. ಅಲ್ಲಿ ಈಗ ಜಾಲರಿ ಇದೆ, ಪಾರಿವಾಳ ಹೊರಗೆ, ಗಾಳಿ ಒಳಗೆ. ಸ್ನಾನ ಆದ ಮೇಲೆ ಅರ್ಧ ಗಂಟೆ ಎಕ್ಸಾಸ್ಟ್ ಫ್ಯಾನ್ ಓಡುತ್ತದೆ. ಬಾಗಿಲ ಕೆಳಗೆ ಒಂದು ಬೆರಳಿನಷ್ಟು ಸಂದಿ ಬಿಡಿಸಿದ್ದೇವೆ. ಗಾಳಿ ಒಳಗೆ ಬರದಿದ್ದರೆ ಫ್ಯಾನ್ ಏನನ್ನು ಹೊರಗೆ ತಳ್ಳಬೇಕು, ಅಲ್ವಾ? ಕೊನೆಗೆ ಸ್ನಾನ ಮಾಡಿದವರು ಗೋಡೆ, ನೆಲ ವೈಪರ್‌ನಲ್ಲಿ ಎಳೆಯಬೇಕು. ಮಗ ದಿನಾ ಮರೆಯುತ್ತಾನೆ, ಅತ್ತೆ ದಿನಾ ಬೈಯುತ್ತಾರೆ. ಮಳೆಗಾಲದಲ್ಲಿ ಒದ್ದೆ ಬಟ್ಟೆ ಬಾತ್‌ರೂಮಿನಲ್ಲಿ ನೇತುಹಾಕುವುದೂ ನಿಂತಿದೆ.

ಸೀಲಿಂಗ್ ಮೂಲೆಯ ಚುಕ್ಕೆ ಮಾತ್ರ ಮತ್ತೆ ಬಂದಿದೆ. ಮೇಲಿನ ಮನೆಯ ಪೈಪ್ ಸೋರುತ್ತಿದೆ ಅಂದ ಪ್ಲಂಬರ್. ನಮ್ಮದಲ್ಲ ಅನ್ನುತ್ತಾರೆ ಮೇಲಿನವರು. ಭಾನುವಾರ ಅಸೋಸಿಯೇಷನ್ ಮೀಟಿಂಗ್ ಇದೆ.