ಟಿ.ವಿ.ಗೆಂದು ಕೊಂಡ ‘ಐ5’ ಪೆಟ್ಟಿಗೆ: ಕೊಳ್ಳುವ ಮುನ್ನ ನೋಡಬೇಕಾಗಿದ್ದು

ಮನೆಯ ಟಿ.ವಿ.ಗೆ ಜೋಡಿಸಲು ಕಡಿಮೆ ಬೆಲೆಯ ಪುಟ್ಟ ಕಂಪ್ಯೂಟರ್ ಹುಡುಕುತ್ತಿರುವವರು ‘ಐ5, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ, ಹೊಚ್ಚ ಹೊಸ ಬೋರ್ಡ್’ ಎಂಬ ಒಕ್ಕಣೆ ಕಂಡರೆ ಕೂಡಲೇ ದುಡ್ಡು ಕೊಡಬೇಡಿ. ಇದೇ ಒಕ್ಕಣೆಯನ್ನು ನಂಬಿ ನಾನು ಕಳೆದ ಫೆಬ್ರುವರಿಯಲ್ಲಿ ದಾವಣಗೆರೆಯ ಅಂಗಡಿಯೊಂದರಲ್ಲಿ 16,500 ರೂಪಾಯಿ ತೆತ್ತೆ. ಮೇ ತಿಂಗಳ ಹೊತ್ತಿಗೆ ಅದರಲ್ಲಿ ಬೇರೆ ಕಂಪ್ಯೂಟರಿಗೆ ಹಾಕಿಕೊಳ್ಳಲು ಆದದ್ದು ಕಡತಗಳನ್ನು ಉಳಿಸಿಡುವ ಎಸ್‌ಎಸ್‌ಡಿ ಒಂದೇ. ಅಂಗಡಿಯ ಹೆಸರು ಬರೆಯುವುದಿಲ್ಲ, ಏಕೆಂದರೆ ಇಂಥ ಪೆಟ್ಟಿಗೆ ಮಾರುವವರು ಒಬ್ಬಿಬ್ಬರಲ್ಲ.

ನಮ್ಮಲ್ಲಿರುವುದು 43 ಇಂಚಿನ 4ಕೆ ಟಿ.ವಿ. ಅದರ ಸ್ವಂತ ಆ್ಯಪ್‌ಗಳು ನಾಲ್ಕು ವರ್ಷಕ್ಕೇ ಮಂದವಾಗಿದ್ದವು. ಪುಟ್ಟ ಕಂಪ್ಯೂಟರ್ ಇದ್ದರೆ ಸಿನಿಮಾ ನೋಡಬಹುದು, ಪಿಯುಸಿ ಓದುವ ಮಗಳು ಭಾನುವಾರ ಸಣ್ಣಪುಟ್ಟ ಆಟವಾಡಬಹುದು ಎಂಬುದು ನನ್ನ ಲೆಕ್ಕಾಚಾರವಾಗಿತ್ತು. ಯಾವ ತಲೆಮಾರಿನ ಐ5 ಎಂದು ಕೇಳಿದ್ದಕ್ಕೆ ಅಂಗಡಿಯವರು, “ಐ5 ಅಂದ್ರೆ ಐ5 ಸರ್, ಟಿ.ವಿ. ನೋಡಾಕೆ ಇದಕ್ಕಿಂತ ಇನ್ನೇನ್ ಬೇಕ್ರೀ?” ಎಂದು ನಕ್ಕರು. ನಾನೂ ನಕ್ಕು ಸುಮ್ಮನಾದೆ. ನನ್ನ ಮೊದಲ ತಪ್ಪು ಅದೇ.

ಐ5 ಎಂಬುದು ಒಂದು ಪ್ರೊಸೆಸರಿನ (ಕಂಪ್ಯೂಟರಿನ ಕೆಲಸವನ್ನೆಲ್ಲ ನಡೆಸುವ ಮುಖ್ಯ ಚಿಪ್) ಹೆಸರಲ್ಲ. ಪ್ರೊಸೆಸರ್ ತಯಾರಿಸುವ ಇಂಟೆಲ್ ಕಂಪನಿ 2009ರಿಂದ ಬಳಸುತ್ತ ಬಂದ ಒಂದು ದರ್ಜೆಯ ಹೆಸರು. ಅದರ ಮುಂದಿನ ಅಂಕಿಯೇ ಮುಖ್ಯ. ನನ್ನ ಪಾಲಿಗೆ ಬಂದದ್ದು ಐ5-3470, ಅಂದರೆ 2012ರ ಮೂರನೆಯ ತಲೆಮಾರಿನದು. ಕಚೇರಿಗಳ ಹಳೆಯ ಕಂಪ್ಯೂಟರುಗಳಿಂದ ಕಿತ್ತ ಇಂಥ ಪ್ರೊಸೆಸರುಗಳನ್ನು, ಅವುಗಳಿಗೆಂದೇ ಇಂದಿಗೂ ತಯಾರಾಗುವ ಅಗ್ಗದ ಎಚ್61 ಬೋರ್ಡಿಗೆ (ಭಾಗಗಳನ್ನೆಲ್ಲ ಜೋಡಿಸುವ ಹಲಗೆ) ಕೂರಿಸಿ ‘ಹೊಸದು’ ಎಂದು ಮಾರುತ್ತಾರೆ. ಬೋರ್ಡ್ ನಿಜಕ್ಕೂ ಹೊಸದೇ ಆಗಿರುವುದರಿಂದ ಅವರು ಹೇಳಿದ್ದು ಸುಳ್ಳೆಂದು ಸಾಧಿಸುವುದೂ ಕಷ್ಟ.

ಟಿ.ವಿ.ಗೆ ಜೋಡಿಸಿದ ದಿನವೇ ಅನುಮಾನ ಶುರುವಾಯಿತು. 4ಕೆ ಟಿ.ವಿ.ಯಲ್ಲಿ ಚಿತ್ರ 1080ಪಿಗಿಂತ (4ಕೆಗಿಂತ ಕಡಿಮೆ ಸ್ಪಷ್ಟತೆಯ ಫುಲ್ ಎಚ್‌ಡಿ) ಮೇಲೆ ಹೋಗಲಿಲ್ಲ. ಯೂಟ್ಯೂಬ್ ತನ್ನ ವಿಡಿಯೊಗಳನ್ನು ಹೆಚ್ಚಾಗಿ ವಿಪಿ9 ಅಥವಾ ಎವಿ1 ಎಂಬ ಕುಗ್ಗಿಸಿದ ರೂಪದಲ್ಲಿ ಕಳುಹಿಸುತ್ತದೆ. 1080ಪಿಗಿಂತ ಮೇಲಿನವು ಬರುವುದೇ ಈ ರೂಪಗಳಲ್ಲಿ. ಹೊಸ ಪ್ರೊಸೆಸರುಗಳಲ್ಲಿ ಇವನ್ನು ಬಿಡಿಸಿ ತೋರಿಸಲೆಂದೇ ಚಿತ್ರ ಮೂಡಿಸುವ ಗ್ರಾಫಿಕ್ಸ್ ಭಾಗದಲ್ಲಿ ಪ್ರತ್ಯೇಕ ಯಂತ್ರಾಂಶವಿರುತ್ತದೆ. 3470ಕ್ಕೆ ತಿಳಿದಿರುವುದು ಎಚ್.264ನಂಥ ಹಳೆಯ ರೂಪಗಳು ಮಾತ್ರವಾದ್ದರಿಂದ ಉಳಿದ ಕೆಲಸವೆಲ್ಲ ಪ್ರೊಸೆಸರಿನ ತಲೆಯ ಮೇಲೆಯೇ ಬೀಳುತ್ತದೆ. ಕ್ರಿಕೆಟ್ ಪಂದ್ಯದ ತುಣುಕೊಂದನ್ನು ಹಾಕಿದರೆ ಸಾಕು, ಟಾಸ್ಕ್ ಮ್ಯಾನೇಜರಿನಲ್ಲಿ ಸಿಪಿಯು (ಪ್ರೊಸೆಸರ್) ಬಳಕೆ 80 ಪರ್ಸೆಂಟ್ ದಾಟುತ್ತಿತ್ತು. ಫ್ಯಾನಿನ ಸದ್ದಿಗೆ ನಾವು ಟಿ.ವಿ.ಯ ಧ್ವನಿ ಏರಿಸಬೇಕಾಗುತ್ತಿತ್ತು. ನೆಟ್‌ಫ್ಲಿಕ್ಸ್‌ನ 4ಕೆಗೆ ಇಂಟೆಲ್‌ನಲ್ಲಿ ಏಳನೆಯ ತಲೆಮಾರಾದರೂ ಬೇಕು, ವಿಂಡೋಸ್ 11ಕ್ಕೆ ಅಧಿಕೃತವಾಗಿ ಎಂಟನೆಯದು ಬೇಕು ಎಂಬುದೆಲ್ಲ ನನಗೆ ಆಮೇಲೆ ತಿಳಿಯಿತು. ಅಂಗಡಿಯವರು ವಿಂಡೋಸ್ ಮಾಡುವ ಆ ತಪಾಸಣೆಯನ್ನು ತಪ್ಪಿಸಿ ವಿಂಡೋಸ್ 11 ಹಾಕಿಕೊಟ್ಟಿದ್ದರು. ಆಟದ ಮಾತಂತೂ ಬೇಡ: ಅದರೊಳಗಿನ ಎಚ್‌ಡಿ 2500 ಗ್ರಾಫಿಕ್ಸ್‌ಗೆ ಹೊಸ ಆಟಗಳು ಕೇಳುವ ಡೈರೆಕ್ಟ್‌ಎಕ್ಸ್ 12 ಎಂಬ ತಂತ್ರಾಂಶ ಬಾರದು, ಮಗಳು ಹಾಕಿದ ಎರಡು ಆಟಗಳು ತೆರೆಯಲೇ ಇಲ್ಲ.

ಇಷ್ಟಾದರೂ ಹೇಗೋ ಸಾಗಿಸುತ್ತಿದ್ದೆ. ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ, ನಮ್ಮ ಊರಿನ ಬಿಸಿಲು ಗೊತ್ತೇ ಇದೆಯಲ್ಲ, ಕರೆಂಟ್ ಹೋಗಿ ಬಂದ ಕೂಡಲೇ ಶೋಕೇಸಿನೊಳಗಿನ ಪೆಟ್ಟಿಗೆ ‘ಟಪ್’ ಎಂದು ಸುಟ್ಟ ವಾಸನೆ ಬಿಟ್ಟಿತು. ಕ್ಯಾಬಿನೆಟ್ ಜೊತೆಗೇ ಬಂದಿದ್ದ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಹೊಂದಿಸಿ ಕೊಡುವ ಘಟಕ) ತಾನೂ ಸತ್ತು ಬೋರ್ಡನ್ನೂ ಕೊಂಡೊಯ್ದಿತ್ತು. ಅದರ ಮೇಲೆ ದಪ್ಪಕ್ಷರದಲ್ಲಿ 450 ವ್ಯಾಟ್ ಎಂದಿತ್ತು. ಬದಿಯ ಚೀಟಿಯನ್ನು ಓದಿದರೆ 12 ವೋಲ್ಟಿನ ಸಾಲಿನಲ್ಲಿ 14 ಆಂಪಿಯರ್, ಅಂದರೆ 168 ವ್ಯಾಟ್. ಕಂಪ್ಯೂಟರಿನ ಮುಖ್ಯ ಭಾಗಗಳು ನಡೆಯುವುದೇ ಆ 12 ವೋಲ್ಟಿನ ಮೇಲೆ. ಕೊಳ್ಳುವಾಗ ಈ ಚೀಟಿಯನ್ನು ಓದಲು ಅರ್ಧ ನಿಮಿಷ ಸಾಕಿತ್ತು.

ವಾರಂಟಿ ಕೇಳಲು ಹೋದಾಗ ನನ್ನ ಕೈಯಲ್ಲಿದ್ದುದು ‘ಎಸ್ಟಿಮೇಟ್’ ಎಂದು ಬರೆದ ಬಿಳಿ ಚೀಟಿ. ಬಿಲ್ ಬೇಕೆಂದರೆ 18 ಪರ್ಸೆಂಟ್ ಜಿಎಸ್‌ಟಿ ಸೇರುತ್ತದೆ ಎಂದಿದ್ದಕ್ಕೆ ಬೇಡವೆಂದವನು ನಾನೇ. ಯುಪಿಐ ದಾಖಲೆ ನಾನು ದುಡ್ಡು ಕೊಟ್ಟದ್ದನ್ನು ತೋರಿಸುತ್ತದೆಯೇ ಹೊರತು ಯಾವ ವಸ್ತುವಿಗೆಂದು ಹೇಳುವುದಿಲ್ಲ. ಗ್ರಾಹಕರ ಸಹಾಯವಾಣಿ 1915 ಇದೆ, 2019ರ ಕಾಯ್ದೆಯಂತೆ ಜಿಲ್ಲಾ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಆದರೆ ಸರಿಯಾದ ಬಿಲ್ಲಿಲ್ಲದೆ ಅಲ್ಲಿಗೆ ಹೋಗಲು ನನಗೆ ಧೈರ್ಯ ಬರಲಿಲ್ಲ. ಪ್ರೊಸೆಸರ್, ಬೋರ್ಡ್, ಎಸ್‌ಎಂಪಿಎಸ್‌ಗಳ ಪೂರ್ಣ ಮಾದರಿ ಸಂಖ್ಯೆ ಬಿಲ್ಲಿನಲ್ಲಿಯೇ ಇರುವಂತೆ ನೋಡಿಕೊಳ್ಳಿ.

ಎರಡನೆಯ ಸಲ ಬಿಡಿಭಾಗಗಳನ್ನು ನಾನೇ ಆರಿಸಿದೆ: ಎಎಂಡಿ ಕಂಪನಿಯ ರೈಜೆನ್ 5 5600ಜಿ ಪ್ರೊಸೆಸರ್, ಟಿ.ವಿ.ಗೆ 4ಕೆ ಚಿತ್ರ ಕಳುಹಿಸಲು ಎಚ್‌ಡಿಎಂಐ 2.0 ಇದೆಯೆಂದು ಖಚಿತಪಡಿಸಿಕೊಂಡ ಬೋರ್ಡ್, ಬೇರೆಯಾಗಿ ಕೊಂಡ ಎಸ್‌ಎಂಪಿಎಸ್. ಇಲ್ಲಿಯೂ ಎರಡು ಗುಂಡಿಗಳಿದ್ದವು. ಒಂದು, ಹೆಸರಿನ ಕೊನೆಗೆ ‘ಎಫ್’ ಇರುವ ಇಂಟೆಲ್ ಪ್ರೊಸೆಸರ್ ಅಗ್ಗವೆಂದು ತೋರಿಸಿದರು. ಅದರಲ್ಲಿ ಗ್ರಾಫಿಕ್ಸ್ ಇಲ್ಲ, ಬೇರೆ ಕಾರ್ಡ್ ಹಾಕದೆ ಟಿ.ವಿ.ಯಲ್ಲಿ ಏನೂ ಮೂಡುವುದಿಲ್ಲ. ಇನ್ನೊಂದು, 16 ಜಿಬಿಯ ಒಂದೇ ರ‍್ಯಾಮ್ ಸಾಕೆಂದರು. ಒಳಗಿನ ಗ್ರಾಫಿಕ್ಸ್ ಬಳಸುವುದು ಇದೇ ರ‍್ಯಾಮನ್ನು. 3200 ವೇಗದ ಡಿಡಿಆರ್4 ರ‍್ಯಾಮ್ ಒಂದೇ ಇದ್ದರೆ ಸೆಕೆಂಡಿಗೆ 25.6 ಜಿಬಿ ಮಾಹಿತಿ ಸಾಗಬಲ್ಲದು, 8 ಜಿಬಿಯ ಎರಡು ಹಾಕಿದರೆ 51.2. ಆಟದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. 5600ಜಿಯಲ್ಲಿ ಎವಿ1 ಬಿಡಿಸುವ ಯಂತ್ರಾಂಶವಿಲ್ಲ, ವಿಪಿ9 ಇದೆ. ನಮಗೆ ಅಷ್ಟು ಸಾಕಾಗಿದೆ. ಆಟ ಬೇಡ, ಬರೀ ನೋಡುವುದಾದರೆ ಇಂಟೆಲ್ ಎನ್100ರ ಮಿನಿ ಪಿಸಿಯಲ್ಲಿ ಎವಿ1 ಕೂಡ ಇದೆ, ವಿದ್ಯುತ್ತೂ ಅತಿ ಕಡಿಮೆ. ಆದರೆ ಯಾವುದನ್ನು ತಂದರೂ ಟಿ.ವಿ.ಯ ರಿಮೋಟಿನಿಂದ ಕಂಪ್ಯೂಟರ್ ನಡೆಯುತ್ತದೆಂದು ಭಾವಿಸಬೇಡಿ. ನಮ್ಮ ಅಮ್ಮ ಈಗಲೂ ಪುಟ್ಟ ಕೀಬೋರ್ಡನ್ನು ಬೈಯುತ್ತಲೇ ಧಾರಾವಾಹಿ ಹಾಕಿಕೊಳ್ಳುತ್ತಾರೆ.

ಸುಟ್ಟ ಪೆಟ್ಟಿಗೆಯನ್ನು ಹಿಂತಿರುಗಿಸಲು ಅದೇ ಅಂಗಡಿಗೆ ಹೋಗಿದ್ದೆ. ಬೋರ್ಡ್ ಬಿಸಾಕಿ, ಪ್ರೊಸೆಸರ್ ಒಂದನ್ನು ತೆಗೆದುಕೊಳ್ಳುವೆ ಎಂದರು. ಎಷ್ಟು ಕೊಡುತ್ತೀರಿ ಎಂದೆ. “ಹಳೇದು ಸರ್, ಎಂಟ್ನೂರು” ಎಂದರು.