ಮಕ್ಕಳ ಉಸಿರಾಟದ ಕೊಳವೆ: ಸೂತ್ರ, ಕಪ್ಪು ಗೆರೆ, ಸ್ಟೆತಸ್ಕೋಪ್

ನವಜಾತ ಶಿಶುವಿನ ಶ್ವಾಸನಾಳ ಧ್ವನಿತಂತುಗಳಿಂದ ಕವಲೊಡೆಯುವಲ್ಲಿಯವರೆಗೆ ಹೆಚ್ಚೆಂದರೆ 4-5 ಸೆಂ.ಮೀ. ಅರಿವಳಿಕೆಯಲ್ಲಿ ಉಸಿರಾಟಕ್ಕಾಗಿ ಬಾಯಿಯಿಂದ ಒಳಗಿಳಿಸುವ ಕೊಳವೆಯ ತುದಿ ಅಷ್ಟರ ನಡುವೆಯೇ ನಿಲ್ಲಬೇಕು. ತುಸು ಕೆಳಗಿಳಿದರೆ ಸಾಮಾನ್ಯವಾಗಿ ಬಲ ಶ್ವಾಸಕೋಶಕ್ಕಷ್ಟೇ ಗಾಳಿ ಹೋಗುತ್ತದೆ. ಮೇಲಾದರೆ ಕೊಳವೆ ಕಳಚಿ ಬರುವ ಭಯ.

ಕೊಳವೆ ಎಷ್ಟು ಆಳಕ್ಕಿಳಿಯಬೇಕೆಂದು ಹೇಳುವ, ಅರಿವಳಿಕೆ ವೈದ್ಯರೆಲ್ಲರಿಗೂ ಬಾಯಿಪಾಠವಾಗಿರುವ ಸೂತ್ರ ಒಂದಿದೆ: ವರ್ಷಗಳಲ್ಲಿ ವಯಸ್ಸಿನ ಅರ್ಧಕ್ಕೆ 12 ಕೂಡಿಸಬೇಕು. ನಾಲ್ಕು ವರ್ಷದ ಮಗುವಿಗೆ ತುಟಿಯ ಬಳಿ 14 ಸೆಂ.ಮೀ. ಸಿದ್ಧತೆಗೆ ಇದು ಸಾಕು, ಅಂತಿಮ ತೀರ್ಮಾನಕ್ಕಲ್ಲ. ವಯಸ್ಸಿಗೆ ತಕ್ಕಂತೆ ಬೆಳೆಯದ ಮಗುವಿಗೆ ಅದೇ 14 ಆಳವಾಗಿಬಿಡಬಹುದು. ಸೀಳುತುಟಿ ಶಸ್ತ್ರಚಿಕಿತ್ಸೆಗೆ ಬಳಸುವ ಆರ್‌ಎಇ ಎಂಬ ಬಗೆಯ ಕೊಳವೆಯಲ್ಲಿ ಬಾಗು ಮೊದಲೇ ಇದ್ದು, ಆಳವನ್ನು ಅದೇ ನಿರ್ಧರಿಸಿಬಿಡುವುದರಿಂದ ಈ ಚಿಂತೆ ಇನ್ನೂ ಹೆಚ್ಚು.

ನಾನು ಹೆಚ್ಚು ನಂಬುವುದು ಕೊಳವೆಯ ಮೇಲಿನ ಕಪ್ಪು ಗೆರೆಯನ್ನು. ಅದು ಧ್ವನಿತಂತುಗಳನ್ನು ದಾಟುವುದನ್ನು ಕಣ್ಣಾರೆ ಕಂಡು ಅಲ್ಲಿಗೇ ನಿಲ್ಲಿಸುತ್ತೇನೆ. ಗಂಟಲಿನ ಒಳಭಾಗವನ್ನು ಪರದೆಯಲ್ಲಿ ತೋರಿಸುವ ವಿಡಿಯೊ ಲ್ಯಾರಿಂಗೋಸ್ಕೋಪ್ ಇದ್ದರೆ ಪಕ್ಕದಲ್ಲಿರುವ ಸಹೋದ್ಯೋಗಿಯೂ ನೋಡಿ ಹೇಳಬಲ್ಲರು. ಆದರೆ ತುದಿಯಿಂದ ಗೆರೆಗಿರುವ ದೂರ ಎಲ್ಲ ತಯಾರಕರಲ್ಲೂ ಒಂದೇ ಅಲ್ಲ. ಹೊಸ ಬಗೆಯ ಕೊಳವೆ ಬಂದಾಗ ಪೊಟ್ಟಣ ಬಿಡಿಸಿದ ಕೂಡಲೇ ಅದನ್ನು ನೋಡಿಕೊಳ್ಳುವುದು ವಾಸಿ.

ಇನ್ನೊಂದು ವಿಧಾನದಲ್ಲಿ ಕೊಳವೆಯನ್ನು ಬೇಕೆಂದೇ ಆಳಕ್ಕೆ ಇಳಿಸಿ, ಸ್ಟೆತಸ್ಕೋಪ್‌ನಲ್ಲಿ ಎಡ ಎದೆಯ ಉಸಿರಿನ ಸದ್ದು ನಿಂತ ಮೇಲೆ ಹಿಂದಕ್ಕೆ ಎಳೆದು, ಸದ್ದು ಮರಳಿದ ಜಾಗದಿಂದ ಸುಮಾರು 2 ಸೆಂ.ಮೀ. ಮೇಲೆ ಕಟ್ಟುತ್ತಾರೆ. ಆ ಮಗುವಿನದೇ ಅಳತೆ ಸಿಗುತ್ತದೆ, ನಿಜ. ಎಳೆಯ ಶಿಶುವಿನಲ್ಲಿ ಮಾತ್ರ ಆ 2 ಸೆಂ.ಮೀ. ಕೂಡ ದೊಡ್ಡದು, ಶ್ವಾಸನಾಳದ ಒಳಪದರವನ್ನು ಕೆಣಕುವುದೂ ನನಗೆ ಒಗ್ಗದು.

ಹೊರಬರುವ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಅಲೆಯಾಗಿ ತೋರಿಸುವ ಕ್ಯಾಪ್ನೋಗ್ರಾಫ್ ಇಲ್ಲದೆ ಕೆಲಸ ಆರಂಭಿಸಲೇಬಾರದು. ಕೊಳವೆ ಅನ್ನನಾಳಕ್ಕೆ ಹೋಗಿಲ್ಲವೆಂದು ಅದರಷ್ಟು ಖಚಿತವಾಗಿ ತಿಳಿಸುವ ದಿನಬಳಕೆಯ ಸಾಧನ ಬೇರೊಂದಿಲ್ಲ. ಆದರೆ ಒಂದೇ ಶ್ವಾಸಕೋಶ ಆಡುತ್ತಿದ್ದರೂ ಪರದೆಯ ಮೇಲೆ ಅಲೆ ಚೆನ್ನಾಗಿಯೇ ಮೂಡುತ್ತದೆ. ಸ್ಟೆತಸ್ಕೋಪ್ ಕೂಡ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ: ತುದಿ ಬಲ ಕವಲಿಗೆ ಇಳಿದಿದ್ದರೂ ಮರ್ಫಿ ಕಣ್ಣೆಂಬ ಪಕ್ಕದ ರಂಧ್ರದಿಂದ ಎಡಕ್ಕೂ ಗಾಳಿ ಹೋಗಬಹುದು. ಆಗ ಅಲ್ಟ್ರಾಸೌಂಡ್‌ನಲ್ಲಿ ಎರಡೂ ಶ್ವಾಸಕೋಶಗಳ ಸರಿದಾಟ ನೋಡಬಹುದು, ಸಂಶಯ ಉಳಿದರೆ ಶ್ವಾಸನಾಳದ ಒಳಗನ್ನು ನೇರವಾಗಿ ತೋರಿಸುವ ಬ್ರಾಂಕೋಸ್ಕೋಪ್ ಇಳಿಸಬಹುದು.

ಯಾವ ವಿಧಾನ ಹಿಡಿದರೂ ಪ್ಲಾಸ್ಟರ್ ಅಂಟಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಮಗುವಿನ ಗದ್ದ ಎದೆಯತ್ತ ಬಾಗಿದರೆ ತುದಿ ಒಳಕ್ಕೆ ಸರಿಯುತ್ತದೆ, ಕತ್ತು ಹಿಂದಕ್ಕೆ ಚಾಚಿದರೆ ಮೇಲಕ್ಕೆ. ತಲೆಯ ಭಂಗಿ ಹೊಂದಿಸಿದ ಮೇಲೆ, ಹಸಿರು ಬಟ್ಟೆ ಹೊದಿಸುವ ಮೊದಲು, ಎರಡೂ ಕಂಕುಳಲ್ಲಿ ಇನ್ನೊಮ್ಮೆ ಆಲಿಸುತ್ತೇನೆ. ಹೊಟ್ಟೆಯ ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪರೋಸ್ಕೋಪಿಯಾದರೆ ಹೊಟ್ಟೆಗೆ ಅನಿಲ ತುಂಬಿದ ಬಳಿಕ ಮತ್ತೊಮ್ಮೆ, ಏಕೆಂದರೆ ಆಗ ಶ್ವಾಸನಾಳದ ಕವಲೇ ಮೇಲಕ್ಕೆ ಸರಿದಿರುತ್ತದೆ.