‘ಬರೀ 300 ಗಂಟೆ ಹಾರಿದೆ’ ಅಂದರೆ ಅಡ್ವಾನ್ಸ್ ಕೊಡಬೇಡಿ

ಅಮೆರಿಕದಲ್ಲಿ ಸೆಕೆಂಡ್‌ಹ್ಯಾಂಡ್ ಪುಟ್ಟ ವಿಮಾನ ಕೊಳ್ಳುವ ಆಸೆ ಇರುವ ನಮ್ಮವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಟೆಕ್ಸಸ್‌ನಲ್ಲಿ ನಾನು ಮತ್ತು ಸ್ನೇಹಿತ ಸೇರಿ ಎರಡು ಸೀಟಿನ ಲೈಟ್ ಸ್ಪೋರ್ಟ್ ವಿಮಾನ (ಹವ್ಯಾಸಕ್ಕೂ ಕಲಿಕೆಗೂ ಬಳಸುವ ಹಗುರ ವಿಮಾನಗಳ ವರ್ಗ) ಒಂದನ್ನು ನೋಡಿದೆವು. ವಿಮಾನ ಬರಲಿಲ್ಲ, ಕೊಟ್ಟ ಅಡ್ವಾನ್ಸೂ ವಾಪಸ್ ಬರಲಿಲ್ಲ. ಬ್ರೋಕರ್ ಹೆಸರು ಹೇಳುವುದಿಲ್ಲ. ಅವನು ಆಡಿದ ಮಾತು ಹೇಳುತ್ತೇನೆ, ನಿಮಗೆ ಉಪಯೋಗಕ್ಕೆ ಬರುವುದು ಅದೇ.

ಮೊದಲ ಮಾತು: ‘ಬರೀ 300 ಗಂಟೆ ಹಾರಿದೆ, ಹೊಸದೇ ಅನ್ನಿ.’ ಗಂಟೆ ನಿಜವೇ ಇತ್ತು. ಆದರೆ ಈ ವಿಮಾನಗಳಲ್ಲಿ ತುಂಬಾ ಕಾಣುವ ರೊಟ್ಯಾಕ್ಸ್ 912 ಇಂಜಿನ್‌ಗೆ ಗಂಟೆಯ ಜೊತೆ ವರ್ಷದ ಲೆಕ್ಕವೂ ಇದೆ. ಈಚಿನ ಇಂಜಿನ್‌ಗಳಿಗೆ 2000 ಗಂಟೆ ಅಥವಾ 15 ವರ್ಷ, ಯಾವುದು ಮೊದಲೋ ಅದು. ಅಷ್ಟಾದ ಮೇಲೆ ಇಂಜಿನ್ ಪೂರ್ತಿ ಬಿಚ್ಚಿ ದುರಸ್ತಿ ಮಾಡಿಸಬೇಕು, ಇಲ್ಲವೇ ಹೊಸದು ಹಾಕಿಸಬೇಕು ಅನ್ನುವುದು ತಯಾರಕರ ಲೆಕ್ಕ. ಹಳೆಯವಕ್ಕೆ ಇನ್ನೂ ಕಡಿಮೆ. ನಾವು ನೋಡಿದ ಇಂಜಿನ್‌ಗೆ ಆ 15 ವರ್ಷ ಆಗಲೇ ಕಳೆದಿತ್ತು. ಹೊಸ ಇಂಜಿನ್ ಬೆಲೆ 20,000 ಡಾಲರ್ ದಾಟುತ್ತದೆ. ಅಂದರೆ ‘ಅಗ್ಗದ ವಿಮಾನ’ ಅಗ್ಗವೇನೂ ಆಗಿರಲಿಲ್ಲ.

ರಬ್ಬರಿನದು ಇನ್ನೊಂದು ಕಥೆ. ಇಂಧನ, ಆಯಿಲ್, ಕೂಲೆಂಟ್ ಹೋಗುವ ರಬ್ಬರ್ ಪೈಪುಗಳು, ಕಾರ್ಬ್ಯುರೇಟರ್ ಕೂರಿಸುವ ರಬ್ಬರ್ ಸಾಕೆಟ್‌ಗಳು, ಇವನ್ನೆಲ್ಲ 5 ವರ್ಷಕ್ಕೊಮ್ಮೆ ಬದಲಾಯಿಸಬೇಕು. ಹಾರಿದರೂ ಅಷ್ಟೇ, ಹಾರದಿದ್ದರೂ ಅಷ್ಟೇ. ಓಡಿಸದೆ ನಿಲ್ಲಿಸಿಟ್ಟ ಸ್ಕೂಟರ್ ಗತಿ ಏನಾಗುತ್ತದೆ ಅಂತ ನಮಗೆ ಊರಲ್ಲೇ ಗೊತ್ತು, ಅಲ್ವಾ? ಲಾಗ್‌ಬುಕ್‌ನಲ್ಲಿ ಒಂದೇ ಒಂದು ಸಲ ಬದಲಾಯಿಸಿದ ದಾಖಲೆ ಇತ್ತು, ಅದೂ ಹಳೇ ಮಾಲೀಕನ ಕಾಲದ್ದು. ಬೆಲೆಗೆ ಕಾರಣ ಅಂತ ತೋರಿಸಿದ ಪ್ಯಾರಾಶೂಟ್‌ಗೂ ಅವಧಿ ಮುಗಿದಿತ್ತು. ಇಡೀ ವಿಮಾನವನ್ನೇ ಕೆಳಗಿಳಿಸುವ ಪ್ಯಾರಾಶೂಟ್ ಅದು. ಅದನ್ನು ಕಾಲಕಾಲಕ್ಕೆ ಕಂಪನಿಗೆ ಕಳಿಸಿ ಮತ್ತೆ ಮಡಿಸಿ ತರಿಸಬೇಕು, ಅದರ ರಾಕೆಟ್ ಬದಲಾಯಿಸಬೇಕು. ಆ ಬಿಲ್ ಸಾವಿರಾರು ಡಾಲರ್ ಬರುತ್ತದೆ.

ಎರಡನೇ ಮಾತು: ‘ಹೊಸ ಸ್ಕ್ರೀನ್ ಹಾಕಿಸಿದ್ದೀವಿ, ನಿಮಗೇ ಲಾಭ.’ ಪೈಲಟ್ ಮುಂದೆ ಎತ್ತರ, ವೇಗ ತೋರಿಸುವ ಸ್ಕ್ರೀನ್ ಅದು. ಇದೇ ಎಲ್ಲಕ್ಕಿಂತ ದೊಡ್ಡ ಗುಂಡಿ. 2004ರ ನಿಯಮದಡಿ ಕಾರ್ಖಾನೆಯಿಂದ ಸಿದ್ಧವಾಗಿ ಬಂದ ಲೈಟ್ ಸ್ಪೋರ್ಟ್ ವಿಮಾನ ಅದು. ಇಂಥದ್ದರಲ್ಲಿ ಏನೇ ಬದಲಾಯಿಸಿದರೂ ತಯಾರಕರ ಒಪ್ಪಿಗೆ ಪತ್ರ ಬೇಕು ಅಂತ ಅದರ ಕಾಗದಗಳಲ್ಲೇ ಇತ್ತು. ಈ ಸ್ಕ್ರೀನ್‌ಗೆ ಪತ್ರ ಇರಲಿಲ್ಲ. ತಯಾರಕರನ್ನು ಕೇಳೋಣ ಅಂದರೆ ಆ ಕಂಪನಿಯೇ ಮುಚ್ಚಿಹೋಗಿತ್ತು. ಸಹಿ ಹಾಕುವವರು ಯಾರು?

ಇದಕ್ಕೆ ದಾರಿ ಇಲ್ಲ ಅಂತಲ್ಲ. ವಿಮಾನವನ್ನು ಎಕ್ಸ್‌ಪೆರಿಮೆಂಟಲ್ ವರ್ಗಕ್ಕೆ, ಅಂದರೆ ತಯಾರಕರ ಒಪ್ಪಿಗೆ ಬೇಡದ ಸ್ವಂತ ಬಳಕೆಯ ವರ್ಗಕ್ಕೆ, ಬದಲಾಯಿಸಿಕೊಳ್ಳಬಹುದು. ಹಾಗೆ ಮಾಡಿದರೆ 16 ಗಂಟೆಯ ಕೋರ್ಸ್ ಮುಗಿಸಿ ನಿಮ್ಮ ವಿಮಾನದ ವರ್ಷದ ತಪಾಸಣೆಗೆ ನೀವೇ ಸಹಿ ಹಾಕಬಹುದು. ಒಬ್ಬರೇ ಹಾರಿಸಿಕೊಳ್ಳುವವರಿಗೆ ಇದು ಒಳ್ಳೆಯದೇ. ನಮಗೆ ಮಾತ್ರ ಆಗುತ್ತಿರಲಿಲ್ಲ. ವಿಮಾನವನ್ನು ತರಬೇತಿ ಶಾಲೆಗೆ ಬಾಡಿಗೆಗೆ ಬಿಟ್ಟು ಹ್ಯಾಂಗರ್ ಖರ್ಚು ತೆಗೆಯುವುದು ನಮ್ಮ ಲೆಕ್ಕವಾಗಿತ್ತು. ಎಕ್ಸ್‌ಪೆರಿಮೆಂಟಲ್ ಆದರೆ ಹಾಗೆ ಬಾಡಿಗೆಗೆ ಬಿಡುವ ಬಾಗಿಲು ಮುಚ್ಚುತ್ತದೆ. ಬಾಡಿಗೆಗೆ ಬಿಡುವ ಈ ಲೆಕ್ಕವನ್ನು ಬ್ರೋಕರ್‌ಗೆ ಮೊದಲೇ ಹೇಳಿದ್ದೆವು.

ಹಾಗಾದರೆ ಅಡ್ವಾನ್ಸ್ ಯಾಕೆ ಹೋಯಿತು? ಕರಾರಿನಲ್ಲಿ ‘ತಪಾಸಣೆಯಲ್ಲಿ ದೋಷ ಕಂಡರೆ ಪೂರ್ತಿ ವಾಪಸ್’ ಅಂತ ಇತ್ತು. ತಪಾಸಣೆ ಮಾಡಿದ್ದು ವರ್ಷವರ್ಷ ಆ ವಿಮಾನಕ್ಕೆ ಸಹಿ ಹಾಕುತ್ತಿದ್ದ ಮೆಕ್ಯಾನಿಕ್ಕೇ. ತನ್ನ ಕೆಲಸದಲ್ಲಿ ತಾನೇ ದೋಷ ಬರೆಯುತ್ತಾನಾ? ‘ಎಲ್ಲಾ ಸರಿ ಇದೆ’ ಅಂತ ಬರೆದ. ಆಮೇಲೆ ರೊಟ್ಯಾಕ್ಸ್ ತರಬೇತಿ ಪಡೆದ ಬೇರೊಬ್ಬರನ್ನು ಕರೆಸಿದೆವು. ಅವರು ಇಂಜಿನ್ ಕವಚ ತೆಗೆದು, ಸೀರಿಯಲ್ ನಂಬರ್ ನೋಡಿ, ಲಾಗ್‌ಬುಕ್ ತಿರುವಿ ಮೇಲಿನದ್ದನ್ನೆಲ್ಲ ಹೇಳಿದರು. ಬ್ರೋಕರ್ ಉತ್ತರ: ‘ಕರಾರಿನ ಪ್ರಕಾರ ತಪಾಸಣೆ ಪಾಸಾಗಿದೆ. ನೀವೇ ಹಿಂದೆ ಸರಿದಿದ್ದೀರಿ.’ ವಕೀಲರನ್ನು ವಿಚಾರಿಸಿದೆವು. ಬರುವ ದುಡ್ಡಿಗಿಂತ ಖರ್ಚೇ ಜಾಸ್ತಿ ಆಗುತ್ತದೆ ಅಂದರು.

ನಮ್ಮವರಿಗೇ ಅಂತ ಇನ್ನೊಂದು ವಿಷಯ. ನನ್ನ ಬಳಿ ಗ್ರೀನ್ ಕಾರ್ಡ್ ಇದೆ, ಸ್ನೇಹಿತ ಎಚ್-1ಬಿ ಕೆಲಸದ ವೀಸಾದಲ್ಲಿದ್ದಾನೆ. ‘ಇಬ್ಬರ ಹೆಸರಲ್ಲೂ ನೋಂದಣಿ ಮಾಡಿಸೋಣ, ತೊಂದರೆ ಇಲ್ಲ’ ಅಂದಿದ್ದ ಬ್ರೋಕರ್. ತೊಂದರೆ ಇದೆ. ವ್ಯಕ್ತಿಗಳ ಹೆಸರಲ್ಲಿ ನೋಂದಣಿ ಆಗಬೇಕಾದರೆ ಅಮೆರಿಕದ ಪ್ರಜೆಯೋ ಕಾಯಂ ನಿವಾಸಿಯೋ ಆಗಿರಬೇಕು. ಜಂಟಿ ಮಾಲೀಕರಲ್ಲಿ ಪ್ರತಿಯೊಬ್ಬರಿಗೂ ಇದು ಅನ್ವಯ. ಟ್ರಸ್ಟ್ ಮೂಲಕ ನೋಂದಣಿ ಮಾಡಿಸುವ ದಾರಿ ಇದೆ, ಅದು ವಿಮಾನದ ವಕೀಲರ ಕೆಲಸ, ಬ್ರೋಕರ್‌ದಲ್ಲ. ಹಾರಾಟ ಕಲಿಯಲು ಸೇರುವ ಮೊದಲು ಟಿಎಸ್‌ಎ (ಅಮೆರಿಕದ ಸಾರಿಗೆ ಭದ್ರತಾ ಸಂಸ್ಥೆ) ಭದ್ರತಾ ಒಪ್ಪಿಗೆಯೂ ಬೇಕು, ಗ್ರೀನ್ ಕಾರ್ಡ್ ಇದ್ದವರಿಗೂ.

ಶುಗರ್, ಬಿಪಿ ಇರುವವರು ಇದನ್ನು ಗಮನಿಸಿ. ಸ್ಪೋರ್ಟ್ ಪೈಲಟ್ (ಇಂಥ ಪುಟ್ಟ ವಿಮಾನಗಳಿಗೆ ಸಾಕಾಗುವ ಸರಳ ಪೈಲಟ್ ಲೈಸೆನ್ಸ್) ಆಗಿ ಹಗಲು ಹಾರಿಸಲು ಡ್ರೈವಿಂಗ್ ಲೈಸೆನ್ಸೇ ವೈದ್ಯಕೀಯ ಪತ್ರದ ಜಾಗದಲ್ಲಿ ನಡೆಯುತ್ತದೆ. ಆದರೆ ‘ಸುಮ್ನೆ ಒಂದು ಎಫ್‌ಎಎ ಮೆಡಿಕಲ್ ಮಾಡಿಸಿಬಿಡಿ’ ಅಂತ ಯಾರಾದರೂ ಅಂದರೆ ಹುಷಾರು. ಎಫ್‌ಎಎ ಅಂದರೆ ಅಮೆರಿಕದ ವಿಮಾನಯಾನ ಇಲಾಖೆ, ಈ ಮೆಡಿಕಲ್ ಅದರ ವೈದ್ಯಕೀಯ ಪರೀಕ್ಷೆ. ಅರ್ಜಿ ಹಾಕಿ ಅದು ತಿರಸ್ಕಾರ ಆದರೆ, ಡ್ರೈವಿಂಗ್ ಲೈಸೆನ್ಸ್ ದಾರಿಯೂ ಕಟ್ ಆಗುತ್ತದೆ. ಮೊದಲು ಪರೀಕ್ಷಕ ವೈದ್ಯರ ಹತ್ತಿರ ಬರೀ ಸಲಹೆಗೆ ಅಂತ ಹೋಗಿ ಮಾತಾಡಿ, ಅರ್ಜಿ ತುಂಬಬೇಡಿ.

‘2025ರ ಹೊಸ ನಿಯಮದಲ್ಲಿ ಎಲ್ಲಾ ಸಡಿಲ ಆಗಿದೆ’ ಅನ್ನುವ ಮಾತೂ ಈಗ ಶುರುವಾಗಿದೆ. 2025ರ ಅಕ್ಟೋಬರ್ 22ರಿಂದ ಸ್ಪೋರ್ಟ್ ಪೈಲಟ್‌ಗಳು ನಾಲ್ಕು ಸೀಟಿನ ಕೆಲವು ವಿಮಾನಗಳನ್ನೂ ಹಾರಿಸಬಹುದು, ನಿಜ. ಜೊತೆಗೆ ಕೂರಿಸಿಕೊಳ್ಳುವುದು ಮಾತ್ರ ಒಬ್ಬರನ್ನೇ. ಹಳೇ ಪೈಪಿಗೂ ಈ ನಿಯಮಕ್ಕೂ ಏನೂ ಸಂಬಂಧ ಇಲ್ಲ.

ಯಾರಾದರೂ ವಿಮಾನ ತೋರಿಸಿದರೆ, ಹೊರಡುವ ಮೊದಲೇ ಇಂಜಿನ್ ಸೀರಿಯಲ್ ಪ್ಲೇಟಿನ ಫೋಟೊ, ಲಾಗ್‌ಬುಕ್‌ನ ಎಲ್ಲಾ ಪುಟಗಳು, ಬದಲಾವಣೆಗಳ ಒಪ್ಪಿಗೆ ಪತ್ರಗಳನ್ನು ಇಮೇಲ್‌ನಲ್ಲಿ ಕೇಳಿ. ಮೆಕ್ಯಾನಿಕ್ ನೀವು ಆರಿಸಿದವರೇ ಆಗಿರಲಿ, ಅವರ ಹೆಸರು ಕರಾರಿನಲ್ಲಿ ಬರೆಸಿ. ಅಡ್ವಾನ್ಸ್ ಬ್ರೋಕರ್ ಖಾತೆಗೆ ಬೇಡ, ಎಸ್ಕ್ರೊದಲ್ಲಿ, ಅಂದರೆ ವ್ಯವಹಾರ ಮುಗಿಯುವವರೆಗೆ ದುಡ್ಡು ಹಿಡಿದಿಡುವ ಮೂರನೆಯವರ ಖಾತೆಯಲ್ಲಿ, ಇಡಿ. ಒಕ್ಲಹೋಮ ಸಿಟಿಯಲ್ಲಿರುವ ಎಫ್‌ಎಎ ನೋಂದಣಿ ಕಚೇರಿಯ ದಾಖಲೆ ತೆಗೆಸಿ, ವಿಮಾನದ ಮೇಲೆ ಸಾಲ ಇದೆಯಾ ಅಂತಲೂ ನೋಡಿಸಿ.